ಒತ್ತಡದ ಗಳಿಗೆಯಲ್ಲಿ ಮನಸ್ಸಿನ ಸ್ಥಿಮಿತ: ಗಾಲ್ಫ್ ಮೈದಾನದಿಂದ ಮಾರುಕಟ್ಟೆಗೆ ಒಂದು ಪಾಠ

ವ್ಯಾಪಾರದಲ್ಲಿ ಬಂಡವಾಳ, ಸಾಲ, ದಾಸ್ತಾನು ಎಲ್ಲಕ್ಕೂ ಲೆಕ್ಕದ ಪುಸ್ತಕದಲ್ಲಿ ಒಂದೊಂದು ಖಾತೆಯಿದೆ. ಆದರೆ ಅವಸರದ ನಿರ್ಧಾರದಿಂದಾದ ನಷ್ಟಕ್ಕೆ ಪ್ರತ್ಯೇಕ ಖಾತೆಯಿಲ್ಲ. ಅದು ಖರೀದಿ ಖಾತೆಯಲ್ಲಿಯೇ ಅಡಗಿರುತ್ತದೆ. ವರ್ಷದ ಕೊನೆಯಲ್ಲಿ ಲಾಭ ಕುಗ್ಗಿದಾಗ ಮಾತ್ರ ಅದರ ಅರಿವಾಗುತ್ತದೆ. ಈ ನಷ್ಟದ ಮೂಲ ಬಹುಪಾಲು ಮಾರುಕಟ್ಟೆಯಲ್ಲಿರದೆ ಒತ್ತಡಕ್ಕೆ ಸಿಲುಕಿದ ಮನಸ್ಸಿನಲ್ಲಿರುತ್ತದೆ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ವರ್ತಕರಿಗೆ ಗಾಲ್ಫ್ ಅಷ್ಟಾಗಿ ಪರಿಚಿತವಾದ ಆಟವಲ್ಲ. ಆದರೂ ಒತ್ತಡದ ನಡುವೆ ಚಿತ್ತವನ್ನು ಸ್ಥಿರವಾಗಿಡುವ ಬಗೆಯನ್ನು ಅರಿಯಲು ಇದು ಒಳ್ಳೆಯ ಉದಾಹರಣೆ. 18 ಕುಳಿಗಳ ಒಂದು ಸುತ್ತಿಗೆ ಸುಮಾರು ನಾಲ್ಕು ತಾಸು ಹಿಡಿಯುತ್ತದೆ. ಅದರಲ್ಲಿ ಚೆಂಡನ್ನು ಹೊಡೆಯುವ ಹೊತ್ತು ಎಲ್ಲ ಸೇರಿದರೂ ಕೆಲವೇ ನಿಮಿಷ. ಉಳಿದದ್ದೆಲ್ಲ ನಡಿಗೆ, ಕಾಯುವಿಕೆ ಮತ್ತು ಯೋಚನೆ. ಎದುರಾಳಿ ಬಂದು ಚೆಂಡನ್ನು ತಡೆಯುವುದಿಲ್ಲ. ಆಟವನ್ನು ಹೆಚ್ಚಾಗಿ ಕೆಡಿಸುವುದು ಆಟಗಾರನ ಮನಸ್ಸೇ.

ಒಂದು ಹೊಡೆತದ ಅಂತರ

ಬೆಂಗಳೂರಿನ ಅದಿತಿ ಅಶೋಕ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಮ್ಮ 18ನೆಯ ವಯಸ್ಸಿನಲ್ಲಿ ಆಡಿ 41ನೆಯ ಸ್ಥಾನ ಪಡೆದರು. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ಅವರ ವಿಶ್ವ ಶ್ರೇಯಾಂಕ 200. ಕೆಲವೇ ತಿಂಗಳ ಹಿಂದೆ ಅವರನ್ನು ಕೋವಿಡ್ ಬಾಧಿಸಿತ್ತು. ಚೆಂಡನ್ನು ದೂರ ಹೊಡೆಯುವುದರಲ್ಲಿ ಪ್ರಮುಖ ಸ್ಪರ್ಧಿಗಳಿಗಿಂತ ಹಿಂದಿದ್ದರು. ಆ ಕೊರತೆಯನ್ನು ಅವರು ಪಟಿಂಗ್‌ನಲ್ಲಿ, ಅಂದರೆ ಕುಳಿಯ ಸಮೀಪದಿಂದ ಚೆಂಡನ್ನು ಉರುಳಿಸಿ ಒಳಸೇರಿಸುವ ಕೌಶಲದಲ್ಲಿ, ತುಂಬಿಕೊಂಡರು.

ನಾಲ್ಕು ದಿನಗಳ ಅವರ ಲೆಕ್ಕ ಹೀಗಿದೆ: 67, 66, 68, 68, ಒಟ್ಟು 269 ಹೊಡೆತಗಳು. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ 267ರಲ್ಲಿ ಮುಗಿಸಿದರು. ಬೆಳ್ಳಿ ಮತ್ತು ಕಂಚು 268ಕ್ಕೆ ಸಂದವು. ಅದಿತಿ ಕೇವಲ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಕೊನೆಯ ದಿನ ದೇಶವೆಲ್ಲ ನೋಡುತ್ತಿತ್ತು. ಮಳೆ–ಮಿಂಚಿನಿಂದ ಆಟವೂ ಕೆಲಹೊತ್ತು ನಿಂತಿತ್ತು. ಹೀಗಿದ್ದೂ ಉತ್ತಮ ದಿನಕ್ಕೂ ಸಾಧಾರಣ ದಿನಕ್ಕೂ ಅಂತರ ಎರಡೇ ಹೊಡೆತ. ಫಲ ಸಂಪೂರ್ಣವಾಗಿ ಕೈಯಲ್ಲಿರುವುದಿಲ್ಲ. ಪ್ರತಿ ಹೊಡೆತವನ್ನೂ ಒಂದೇ ಶ್ರದ್ಧೆಯಿಂದ ಹೊಡೆಯುವುದು ಕೈಯಲ್ಲಿರುತ್ತದೆ.

ಮನಸ್ಸು ಕೆಡಿಸುವುದೆಲ್ಲಿ?

ಅಮೆರಿಕದ ಮನೋವಿಜ್ಞಾನಿಗಳಾದ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಪಟಿಂಗ್ ಅನ್ನೇ ಆಯ್ದುಕೊಂಡಿದ್ದರು. ಅಭ್ಯಾಸದಿಂದ ಕೈಗೆ ಒಲಿದ ಕೆಲಸವನ್ನು ಒತ್ತಡದಲ್ಲಿ ಹಂತಹಂತವಾಗಿ ಪರೀಕ್ಷಿಸತೊಡಗಿದರೆ ಆ ಕೆಲಸವೇ ಕೆಡುತ್ತದೆ ಎಂಬುದು ಅವರ ವಿವರಣೆ.

ನುರಿತ ಆಟಗಾರರು ಆದಕಾರಣ ಯೋಚನೆಯನ್ನೂ ಕ್ರಿಯೆಯನ್ನೂ ಬೇರ್ಪಡಿಸುತ್ತಾರೆ. ಚೆಂಡಿನಿಂದ ಹಿಂದೆ ನಿಂತು ದೂರ, ಗಾಳಿ, ನೆಲದ ಇಳಿಜಾರುಗಳನ್ನು ಅಳೆದು ತೀರ್ಮಾನಿಸುತ್ತಾರೆ. ಬಳಿಕ ಉಸಿರನ್ನು ನಿಧಾನವಾಗಿ ಬಿಟ್ಟು, ಕೋಲಿನ ಹಿಡಿತವನ್ನು ಸಡಿಲಿಸಿ, ಹೊಡೆಯುತ್ತಾರೆ. ಆಗ ಮರುಯೋಚನೆಗೆ ಎಡೆಯಿಲ್ಲ. ಒಂದು ಹೊಡೆತವನ್ನು 40 ಸೆಕೆಂಡುಗಳೊಳಗೆ ಮುಗಿಸಬೇಕೆಂದು 2019ರಿಂದ ಜಾರಿಯಲ್ಲಿರುವ ನಿಯಮಾವಳಿಯೂ ಶಿಫಾರಸು ಮಾಡುತ್ತದೆ. ಹೊಡೆದ ಮೇಲೆ ಮುಂದಿನ ಚೆಂಡಿನವರೆಗಿನ ನಡಿಗೆಯಲ್ಲಿ ಮನಸ್ಸಿಗೆ ವಿಶ್ರಾಂತಿ.

ಟೆಂಡರ್ ದಿನದ ಬ್ಯಾಡಗಿ

ಈ ಕ್ರಮ ಮೆಣಸಿನಕಾಯಿ ವರ್ತಕನಿಗೆ ಚೆನ್ನಾಗಿ ಒಪ್ಪುತ್ತದೆ. ಸೋಮವಾರ ಮತ್ತು ಗುರುವಾರಗಳ ವಹಿವಾಟಿನಲ್ಲಿ, ಅದರಲ್ಲೂ ಸುಗ್ಗಿಯ ತಿಂಗಳುಗಳಲ್ಲಿ, ಒಬ್ಬ ಖರೀದಿದಾರ ಅಲ್ಪಾವಧಿಯಲ್ಲಿ ನೂರಾರು ಲಾಟುಗಳ ಬಣ್ಣ, ತೇವಾಂಶ, ತೊಟ್ಟುಗಳನ್ನು ನೋಡಿ ದರ ನಮೂದಿಸಬೇಕಾಗುತ್ತದೆ. ಮೊದಲ ಲಾಟು ಕೈತಪ್ಪಿದ ಹಟಕ್ಕೆ ಎರಡನೆಯದಕ್ಕೆ ಹೆಚ್ಚು ಬರೆದರೆ, ಅದು ತಪ್ಪಿದ ಹೊಡೆತದ ಸಿಟ್ಟನ್ನು ಮುಂದಿನ ಚೆಂಡಿನ ಮೇಲೆ ತೀರಿಸಿದಂತೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಒತ್ತಡ ವರ್ತಕನೊಬ್ಬನದೇ ಅಲ್ಲ. 2024ರ ಮಾರ್ಚ್ 11ರಂದು ದರ ಕುಸಿದಾಗ ಬ್ಯಾಡಗಿ ಎಪಿಎಂಸಿಯಲ್ಲಿ ಆಕ್ರೋಶ ಭುಗಿಲೆದ್ದು ಕಚೇರಿಗೂ ವಾಹನಗಳಿಗೂ ಹಾನಿಯಾಯಿತು. ವರ್ಷದ ದುಡಿಮೆಯನ್ನು ಚೀಲದಲ್ಲಿ ಹೊತ್ತು ತಂದ ರೈತನ ಎದುರು, ದಲಾಲರೂ ಖರೀದಿದಾರರೂ ಸಮಾಧಾನದಿಂದ ಮಾತನಾಡಿ ದರದ ಕಾರಣವನ್ನು ತಿಳಿಸುವುದು ಮಾರುಕಟ್ಟೆಯ ವಿಶ್ವಾಸಕ್ಕೆ ಅಗತ್ಯ.

ರಾಣೇಬೆನ್ನೂರಿನ ಬೀಜ ವ್ಯಾಪಾರಿಗೆ ಮುಂಗಾರಿನ ಕೆಲವೇ ವಾರಗಳಲ್ಲಿ ಹೆಚ್ಚಿನ ಮಾರಾಟ ಮುಗಿಯಬೇಕು. ಹಾವೇರಿಯ ಏಲಕ್ಕಿ ಮಾಲೆ ಕಟ್ಟುವವರಿಗೆ ಸಮಾರಂಭದ ಗಳಿಗೆ ತಪ್ಪುವಂತಿಲ್ಲ. ಪೋಣಿಸುವ ಕೈ ಅವಸರಪಟ್ಟರೆ ಬೆಲೆಬಾಳುವ ಕಾಯಿ ಒಡೆಯುತ್ತದೆ. ವ್ಯವಹಾರ ಬೇರೆಯಾದರೂ ಬೇಕಾದ ಶಿಸ್ತು ಒಂದೇ.

ಆಚರಣೆಗೆ ಸುಲಭವಾದ ಕ್ರಮಗಳು

1. ಪ್ರತಿ ದರ್ಜೆಗೆ ಕೊಡಬಹುದಾದ ಗರಿಷ್ಠ ದರವನ್ನೂ ಆ ದಿನದ ಒಟ್ಟು ಖರೀದಿಯ ಮಿತಿಯನ್ನೂ ಟೆಂಡರ್‌ಗೆ ಮೊದಲೇ ಬರೆದಿಡಬೇಕು. ಬಡ್ಡಿ, ಸಾಗಣೆ, ಶೀತಲಗೃಹದ ಬಾಡಿಗೆ ಅದರಲ್ಲಿ ಸೇರಿರಲಿ.

2. ದರ ನಮೂದಿಸುವ ಮುನ್ನ ಪ್ರತಿಸಲವೂ ಒಂದೇ ಅನುಕ್ರಮವನ್ನು ಪಾಲಿಸಬೇಕು: ಮಾಲು ನೋಡುವುದು, ಲಾಟ್ ಸಂಖ್ಯೆ ತಾಳೆಮಾಡುವುದು, ದೀರ್ಘವಾಗಿ ಒಮ್ಮೆ ಉಸಿರು ಬಿಡುವುದು, ಅಂಕಿಯನ್ನು ಮತ್ತೊಮ್ಮೆ ಓದುವುದು.

3. ಆ ಹೊತ್ತಿನಲ್ಲಿ ಮೊಬೈಲ್ ಕರೆ, ಬಾಕಿ ವಸೂಲಿಯ ಮಾತು ಬೇಡ.

4. ದೊಡ್ಡ ನಷ್ಟವಾದ ದಿನ ಅದನ್ನು ತುಂಬಿಕೊಳ್ಳಲೆಂದು ಹೊಸ ವ್ಯವಹಾರಕ್ಕೆ ಇಳಿಯಬಾರದು. ಸಂಜೆ ತಪ್ಪನ್ನು ಒಂದು ಸಾಲಿನಲ್ಲಿ ಬರೆದು ಪುಸ್ತಕ ಮುಚ್ಚಬೇಕು.

5. ಜಿಎಸ್‌ಟಿ ರಿಟರ್ನ್, ಬ್ಯಾಂಕಿನ ದಾಸ್ತಾನು ಪಟ್ಟಿಗಳನ್ನು ಕೊನೆಯ ದಿನಕ್ಕೆ ಉಳಿಸಬಾರದು. ಮೊದಲೇ ಮುಗಿಸಿದ ಕೆಲಸ ಟೆಂಡರ್ ದಿನ ಮನಸ್ಸನ್ನು ಕಾಡುವುದಿಲ್ಲ.

ಒತ್ತಡವಿಲ್ಲದ ವ್ಯಾಪಾರವಿಲ್ಲ. ಆದರೆ ಎಷ್ಟೇ ಲಾಟುಗಳಿದ್ದರೂ ಒಮ್ಮೆಗೆ ದರ ಬರೆಯಬೇಕಾದುದು ಒಂದಕ್ಕೆ ಮಾತ್ರ. ಆ ಒಂದರ ಮೇಲೆ ಗಮನವಿಟ್ಟು, ಮುಗಿದದ್ದನ್ನು ಅಲ್ಲಿಯೇ ಬಿಟ್ಟು ಮುನ್ನಡೆಯುವ ಅಭ್ಯಾಸ ವರ್ತಕನ ಬಂಡವಾಳವನ್ನೂ ಆರೋಗ್ಯವನ್ನೂ ಕಾಪಾಡಬಲ್ಲದು.