ಕೊನೆಗೆ ತೆರೆದ ಬಾಗಿಲು ಶಾಲೆಯದು

‘ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ?’ ಎಂದು ಕೇಳುತ್ತದೆ ಒಂದು ಗಾದೆ. ‘ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯಬೇಡ’ ಎನ್ನುತ್ತದೆ ಇನ್ನೊಂದು. ಕೊರೊನಾ ಕಾಲದಲ್ಲಿ ಕರ್ನಾಟಕದ ಮನೆಮನೆಗಳಲ್ಲಿ ನಡೆದ ವಾದವನ್ನೆಲ್ಲ ಒಟ್ಟುಮಾಡಿದರೆ ಅದು ಈ ಎರಡು ಗಾದೆಗಳ ನಡುವಿನ ಜಗಳವೇ ಆಗಿತ್ತು. ನಿರ್ಬಂಧ ಸಡಿಲಿಸಬೇಕೆ, ಬಿಗಿಮಾಡಬೇಕೆ? ವೈರಾಣುವಿನ ಜೊತೆ ಬದುಕುವುದೆಂದರೆ ಏನು? ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳನ್ನು ಶಾಲೆಗೆ ಕಳುಹಿಸಬೇಕೆ, ಬೇಡವೆ?

ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ರಂದು ಸಾರಿದ್ದ ಜಾಗತಿಕ ತುರ್ತುಸ್ಥಿತಿಯನ್ನು 2023ರ ಮೇ 5ರಂದು ಹಿಂತೆಗೆದುಕೊಂಡಿತು. ಗದ್ದಲ ಅಡಗಿದೆ. ಆದರೆ ಆ ದಿನಗಳ ತೀರ್ಮಾನಗಳನ್ನು ತಾರೀಕಿನ ಕ್ರಮದಲ್ಲಿ ಇಟ್ಟು ನೋಡಿದರೆ, ಆಗ ಯಾರೂ ನೇರವಾಗಿ ಕೇಳದಿದ್ದ ಒಂದು ಪ್ರಶ್ನೆ ಎದ್ದು ಕಾಣುತ್ತದೆ. ಬಾಗಿಲು ತೆರೆಯಬೇಕೋ ಮುಚ್ಚಬೇಕೋ ಎಂಬುದಷ್ಟೇ ಅಲ್ಲ, ಯಾವ ಬಾಗಿಲನ್ನು ಮೊದಲು ತೆರೆಯಬೇಕು ಎಂಬುದೇ ಆ ಪ್ರಶ್ನೆ.

ಮುಚ್ಚುವುದು ಸುಲಭ

ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ಕರ್ನಾಟಕದಲ್ಲಿ. 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅದೇ ವಾರದಲ್ಲಿ ರಾಜ್ಯದ ಶಾಲೆ, ಸಿನಿಮಾ ಮಂದಿರ, ಮಾಲ್‌ಗಳಿಗೆ ಬೀಗ ಬಿತ್ತು. ಮಾರ್ಚ್ 25ರಿಂದ ದೇಶವೇ ಸ್ತಬ್ಧವಾಯಿತು. ರೋಗದ ಸ್ವಭಾವವೇ ತಿಳಿಯದಿದ್ದ ಆ ಹೊತ್ತಿನಲ್ಲಿ ಈ ಕ್ರಮವನ್ನು ಹೆಚ್ಚು ಜನ ಪ್ರಶ್ನಿಸಲಿಲ್ಲ.

ವಾದ ಶುರುವಾದದ್ದು ಬೀಗ ತೆಗೆಯುವ ಹೊತ್ತಿಗೆ. ಮೇ 4ರಂದು ಮದ್ಯದಂಗಡಿಗಳು ತೆರೆದವು. ಮುಂಜಾನೆಯಿಂದಲೇ ಉದ್ದನೆಯ ಸಾಲು ನಿಂತಿತು. ಜೂನ್ 8ರಿಂದ ದೇವಸ್ಥಾನ, ಹೋಟೆಲು, ಮಾಲ್‌ಗಳು ತೆರೆದವು. ‘ಕೊರೊನಾ ಜೊತೆ ಬದುಕಲು ಕಲಿಯಬೇಕು’ ಎಂಬ ಮಾತು ಅಧಿಕಾರದಲ್ಲಿದ್ದವರ ಬಾಯಲ್ಲಿ ಕೇಳಿಬಂದದ್ದು ಆಗಲೇ. ಆದರೆ ಮಕ್ಕಳು ಮಾತ್ರ ಮನೆಯಲ್ಲೇ ಉಳಿದರು.

ಪರೀಕ್ಷೆಗೇ ಒಂದು ಪರೀಕ್ಷೆ

ಮೊದಲ ದೊಡ್ಡ ಜಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯದು. ನೆರೆಯ ತೆಲಂಗಾಣ, ತಮಿಳುನಾಡು ಸರ್ಕಾರಗಳು 2020ರ ಜೂನ್ ತಿಂಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನೇ ರದ್ದು ಮಾಡಿದವು. ಕರ್ನಾಟಕ ಹಟ ಹಿಡಿದು ನಡೆಸಿತು. ಜೂನ್ 25ರಿಂದ, ನೋಂದಾಯಿಸಿಕೊಂಡಿದ್ದ ಸುಮಾರು 8.48 ಲಕ್ಷ ಮಕ್ಕಳಲ್ಲಿ ಬಹುಪಾಲು ಮಂದಿ ಮುಖಗವಸು ತೊಟ್ಟು, ಬಾಗಿಲಲ್ಲಿ ಜ್ವರ ನೋಡಿಸಿಕೊಂಡು, ದೂರ ದೂರ ಕುಳಿತು ಬರೆದರು. ‘ಮಕ್ಕಳ ಪ್ರಾಣದ ಜೊತೆ ಚೆಲ್ಲಾಟ’ ಎಂದವರಿದ್ದರು. ‘ವರ್ಷವಿಡೀ ಓದಿದ ಮಗುವಿಗೆ ಪರೀಕ್ಷೆ ಇಲ್ಲದಿದ್ದರೆ ಅನ್ಯಾಯ’ ಎಂದವರೂ ಇದ್ದರು. ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಕಡೆಗೆ ಪರೀಕ್ಷೆ ಮುಗಿಯಿತು, ಆಗಸ್ಟ್ 10ರಂದು ಫಲಿತಾಂಶವೂ ಬಂತು.

ಮರುವರ್ಷ ಎರಡೂ ಬಗೆಯ ತೀರ್ಮಾನಗಳು ಒಟ್ಟಿಗೆ ಬಂದವು. ಎರಡನೆಯ ಅಲೆಯಲ್ಲಿ 2021ರ ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50 ಸಾವಿರಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ಆ ದಿನಗಳ ನಂತರ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿಯನ್ನು ಜುಲೈ 19 ಮತ್ತು 22ರಂದು, ಎರಡೇ ದಿನಗಳಲ್ಲಿ, ಸರಿ ಉತ್ತರ ಗುರುತಿಸುವ ಮಾದರಿಯಲ್ಲಿ ಮುಗಿಸಲಾಯಿತು. ಅಂದರೆ ‘ನಡೆಸುವುದು’ ಮತ್ತು ‘ಬಿಡುವುದು’ ಇವೆರಡರ ನಡುವೆ ಮೂರನೆಯ ದಾರಿಯೂ ಇತ್ತು. ಮನಸ್ಸು ಮಾಡಿದರೆ ಅದು ಸಿಗುತ್ತಿತ್ತು.

ಅರಳಿಕಟ್ಟೆಯ ಪಾಠ

ಇಂಥ ಇನ್ನೊಂದು ದಾರಿ ‘ವಿದ್ಯಾಗಮ’. 2020ರ ಆಗಸ್ಟಿನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮಕ್ಕಳು ಶಾಲೆಗೆ ಬರುವ ಬದಲು ಸರ್ಕಾರಿ ಶಾಲೆಯ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ಅರಳಿಕಟ್ಟೆ, ಗುಡಿಯ ಜಗಲಿ, ಸಮುದಾಯ ಭವನಗಳು ತರಗತಿಗಳಾದವು. ಬಯಲಿನಲ್ಲಿ ಗಾಳಿ ಆಡುತ್ತದೆ, ಮಕ್ಕಳ ಗುಂಪು ಚಿಕ್ಕದಿರುತ್ತದೆ. ಆದರೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಬಂದು ವಿರೋಧ ಜೋರಾದಾಗ, ಅದೇ ಅಕ್ಟೋಬರಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಹೇಗೆ ಸುಧಾರಿಸಬಹುದು ಎಂಬ ಚರ್ಚೆಗಿಂತ ಬೇಕೇ ಬೇಡವೇ ಎಂಬ ಕೂಗೇ ದೊಡ್ಡದಾಯಿತು. 2021ರ ಜನವರಿ 1ರಂದು ಅದು ಶಾಲೆಯ ಆವರಣಕ್ಕೆ ಮರಳಿದಾಗ ಸಿಕ್ಕಿದ್ದು 6ರಿಂದ 9ನೆಯ ತರಗತಿಯವರಿಗೆ ಮಾತ್ರ. ಚಿಕ್ಕ ಮಕ್ಕಳು ಆಗಲೂ ಹೊರಗೇ ಉಳಿದರು.

ಇತ್ತ ಆನ್‌ಲೈನ್ ಪಾಠದ ಬಗೆಗೂ ಇದೇ ಗೊಂದಲ. ಪುಟ್ಟ ಮಕ್ಕಳ ಕಣ್ಣಿಗೂ ಮನಸ್ಸಿಗೂ ಇದು ಒಳ್ಳೆಯದಲ್ಲವೆಂದು ಸರ್ಕಾರ 2020ರ ಜೂನ್‌ನಲ್ಲಿ ಕೆಳಗಿನ ತರಗತಿಗಳಿಗೆ ಅದನ್ನು ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಮೊಬೈಲ್ ಇದ್ದವರು ಪಾಠ ಕೇಳಿದರು. ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಇದ್ದ ಒಂದೇ ಮೊಬೈಲನ್ನು ಅಪ್ಪ ಕೆಲಸಕ್ಕೆ ಒಯ್ದ ಮನೆಗಳಲ್ಲಿ ದೂರದರ್ಶನದ ಚಂದನ ವಾಹಿನಿಯ ಪಾಠವೇ ಗತಿಯಾಯಿತು. ಟಿ.ವಿ.ಯೂ ಇಲ್ಲದ ಮನೆಯ ಮಗುವಿಗೆ ಅದೂ ಇಲ್ಲ.

ಸಿನಿಮಾ ಮೊದಲು, ಒಂದನೆಯ ತರಗತಿ ಕೊನೆಗೆ

2021ರ ಫೆಬ್ರುವರಿಯಲ್ಲಿ ಸಿನಿಮಾ ಮಂದಿರಗಳಲ್ಲಿ ಅರ್ಧ ಆಸನ ಮಾತ್ರ ಎಂಬ ಆದೇಶ ಹೊರಟಿತು. ಚಿತ್ರರಂಗದ ಗಣ್ಯರು ದನಿ ಎತ್ತಿದರು, ಸರ್ಕಾರ ಒಂದೆರಡು ದಿನಗಳಲ್ಲೇ ಮಣಿಯಿತು. ಚಿತ್ರರಂಗವನ್ನು ನಂಬಿದ ಸಾವಿರಾರು ಕಾರ್ಮಿಕರ ಹೊಟ್ಟೆಪಾಡಿನ ಪ್ರಶ್ನೆಯದು, ತಪ್ಪೆನ್ನಲಾಗದು. ಆದರೆ ಒಂದನೆಯ ತರಗತಿಯ ಮಗುವಿನ ಪರವಾಗಿ ವಿಧಾನಸೌಧದ ಬಾಗಿಲು ತಟ್ಟುವ ಸಂಘ ಯಾವುದಿತ್ತು?

ಎರಡನೆಯ ಅಲೆ ಇಳಿದ ಮೇಲಿನ ತಾರೀಕುಗಳನ್ನು ಗಮನಿಸಿ. 2021ರ ಆಗಸ್ಟ್ 23ರಂದು, ಸೋಂಕಿನ ಪ್ರಮಾಣ ಶೇ 2ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ, 9ನೆಯ ತರಗತಿಯಿಂದ ಮೇಲಿನವರಿಗೆ ಶಾಲೆ, ಕಾಲೇಜು ತೆರೆಯಿತು. ಸೆಪ್ಟೆಂಬರ್ 6ರಂದು 6ರಿಂದ 8ನೆಯ ತರಗತಿ. ಅಕ್ಟೋಬರ್ 1ರಂದು ಸಿನಿಮಾ ಮಂದಿರಗಳ ಎಲ್ಲ ಆಸನಗಳಿಗೂ ಅನುಮತಿ, 3ರಂದು ಪಬ್‌ಗಳಿಗೆ. ಒಂದರಿಂದ 5ನೆಯ ತರಗತಿಯ ಮಕ್ಕಳ ಸರದಿ ಬಂದದ್ದು ಅಕ್ಟೋಬರ್ 25ಕ್ಕೆ. ಅಂಗನವಾಡಿ, ಎಲ್‌ಕೆಜಿ, ಯುಕೆಜಿಗಳಿಗೆ ನವೆಂಬರ್ 8ಕ್ಕೆ. ಅಂದರೆ ಸುಮಾರು ಇಪ್ಪತ್ತು ತಿಂಗಳು!

ವಿಜ್ಞಾನ ಬೇರೆಯದನ್ನೇ ಹೇಳುತ್ತಿತ್ತು. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದೇ ಶಾಲೆ ತೆರೆದಾಗ ಮೊದಲು ಕರೆದದ್ದು ಪುಟ್ಟ ಮಕ್ಕಳನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರಾಗಿದ್ದ ಡಾ. ಬಲರಾಮ್ ಭಾರ್ಗವ 2021ರ ಜುಲೈನಲ್ಲಿ, ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳಿಂದಲೇ ಶುರುಮಾಡುವುದು ಜಾಣತನ ಎಂದರು. ವೈರಾಣು ಅಂಟಿಕೊಳ್ಳುವ ಗ್ರಾಹಿಗಳು ಚಿಕ್ಕ ಮಕ್ಕಳಲ್ಲಿ ಕಡಿಮೆ, ಅವರು ದೊಡ್ಡವರಿಗಿಂತ ಚೆನ್ನಾಗಿ ಸೋಂಕನ್ನು ತಾಳಿಕೊಳ್ಳುತ್ತಾರೆ ಎಂಬುದು ಅವರ ವಿವರಣೆ. ಮಂಡಳಿಯ ಅದೇ ವೇಳೆಯ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳ ಪೈಕಿ ಶೇ 57.2 ಮಂದಿಯ ರಕ್ತದಲ್ಲಿ ಪ್ರತಿಕಾಯ ಕಂಡುಬಂದಿತ್ತು. ಮನೆಯೊಳಗಿದ್ದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ವೈರಾಣು ಆಗಲೇ ಮುಟ್ಟಿ ಹೋಗಿತ್ತು. ಕರ್ನಾಟಕದಲ್ಲಿ ಡಾ. ದೇವಿ ಶೆಟ್ಟಿ ನೇತೃತ್ವದ ತಜ್ಞರ ಸಮಿತಿಯೂ 2021ರ ಜೂನ್‌ನಲ್ಲಿ, ಎಚ್ಚರಿಕೆಯೊಂದಿಗೆ ಶಾಲೆ ತೆರೆಯುವುದರ ಪರವಾಗಿಯೇ ಹೇಳಿತ್ತು.

ಹೆದರಿದವರ ಮಾತಿನಲ್ಲೂ ಹುರುಳಿತ್ತು

ಹಾಗೆಂದು ಹೆದರಿದ ಪೋಷಕರನ್ನು ಹಳಿಯುವುದು ಸುಲಭದ ಮಾತು, ಸರಿಯಾದ ಮಾತಲ್ಲ. ಎರಡು ಕೋಣೆಯ ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಯಿದ್ದಾಗ, ಮಗು ಶಾಲೆಯಿಂದ ಏನು ಹೊತ್ತು ತರುತ್ತದೋ ಎಂಬ ಅಂಜಿಕೆ ಸಹಜವೇ. ಸರ್ಕಾರಿ ಲೆಕ್ಕದಂತೆಯೇ ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಈ ರೋಗಕ್ಕೆ ಬಲಿಯಾದರು. ಶಾಲೆಗೆ ಕಳುಹಿಸುವ ಮುನ್ನ ಒಪ್ಪಿಗೆ ಪತ್ರ ಕೊಡಬೇಕೆಂದಾಗ, ‘ನಾಳೆ ಏನಾದರೂ ಆದರೆ ಹೊಣೆ ನಮ್ಮದೇ ಎಂದು ಬರೆಸಿಕೊಳ್ಳುತ್ತಿದ್ದಾರೆ’ ಎಂದು ಅನೇಕ ತಾಯಂದಿರು ಭಾವಿಸಿದರು.

ಶುಲ್ಕದ ಜಗಳ ಈ ಅನುಮಾನಕ್ಕೆ ತುಪ್ಪ ಸುರಿಯಿತು. ಬೋಧನಾ ಶುಲ್ಕದಲ್ಲಿ ಶೇ 70ರಷ್ಟನ್ನು ಮಾತ್ರ ಪಡೆಯಬೇಕೆಂದು 2021ರ ಜನವರಿಯಲ್ಲಿ ಸರ್ಕಾರ ಹೇಳಿತು. ಖಾಸಗಿ ಶಾಲೆಗಳು ನ್ಯಾಯಾಲಯಕ್ಕೆ ಹೋದವು. ಸೆಪ್ಟೆಂಬರಿನಲ್ಲಿ ಹೈಕೋರ್ಟ್ ರಿಯಾಯಿತಿಯನ್ನು ಶೇ 15ಕ್ಕೆ ನಿಗದಿಮಾಡಿತು. ಶಾಲೆ ತೆರೆಯಿರಿ ಎಂದವರೆಲ್ಲ ಹಣದಾಸೆಯವರು, ಬೇಡ ಎಂದವರೆಲ್ಲ ಹೇಡಿಗಳು ಎಂದು ಪರಸ್ಪರ ದೂಷಿಸಿಕೊಂಡದ್ದೇ ಬಂತು. ಸಂಬಳವಿಲ್ಲದೆ ತರಕಾರಿ ಮಾರಿದ ಖಾಸಗಿ ಶಾಲೆಯ ಶಿಕ್ಷಕರು ಈ ಎರಡೂ ಗುಂಪಿನ ನಡುವೆ ಕಳೆದುಹೋದರು.

ಕಳೆದುಹೋದದ್ದು ಎಷ್ಟು?

ಕಾಯಿಲೆಯ ಲೆಕ್ಕ ದಿನವೂ ಸಂಜೆ ಪ್ರಕಟವಾಗುತ್ತಿತ್ತು. ಕಲಿಕೆಯ ನಷ್ಟಕ್ಕೆ ಸಂಜೆಯ ಬುಲೆಟಿನ್ ಇರಲಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ 5 ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಅಧ್ಯಯನ ಮಾಡಿ 2021ರ ಫೆಬ್ರುವರಿಯಲ್ಲಿ ವರದಿ ಪ್ರಕಟಿಸಿತು. ಶೇ 92 ಮಕ್ಕಳು ಹಿಂದಿನ ವರ್ಷ ಬಲ್ಲವರಾಗಿದ್ದ ಭಾಷಾ ಕೌಶಲಗಳಲ್ಲಿ ಕನಿಷ್ಠ ಒಂದನ್ನು, ಶೇ 82 ಮಕ್ಕಳು ಗಣಿತದಲ್ಲಿ ಕನಿಷ್ಠ ಒಂದನ್ನು ಮರೆತಿದ್ದರು. ಗಮನಿಸಿ, ಇದು ಕಲಿಯದೇ ಉಳಿದದ್ದಲ್ಲ, ಕಲಿತದ್ದೇ ಅಳಿಸಿಹೋದದ್ದು.

ಅದೇ ವರ್ಷದ ಆಗಸ್ಟಿನಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್ ಮತ್ತಿತರರು 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳ ಸುಮಾರು 1,400 ಮಕ್ಕಳನ್ನು ಮಾತನಾಡಿಸಿದರು. ಹಳ್ಳಿಗಳಲ್ಲಿ ನಿಯಮಿತವಾಗಿ ಆನ್‌ಲೈನ್‌ನಲ್ಲಿ ಕಲಿಯುತ್ತಿದ್ದವರು ಶೇ 8 ಮಾತ್ರ. ಶೇ 37 ಮಕ್ಕಳು ಓದನ್ನೇ ಬಿಟ್ಟಿದ್ದರು. ಇದರೊಡನೆ ಬಿಸಿಯೂಟ ನಿಂತು, ಅದರ ಬದಲಿಗೆ ಅಕ್ಕಿ, ಬೇಳೆ ಮನೆಗೆ ಬಂತು. ಮನೆಗೆ ಬಂದ ಅಕ್ಕಿ ಮನೆಮಂದಿಗೆಲ್ಲ ಹಂಚಿಕೆಯಾಗುತ್ತದೆ. ಶಾಲೆಯ ತಟ್ಟೆ ಮಗುವಿನದೇ ಆಗಿರುತ್ತದೆ.

ಸರ್ಕಾರವೂ ಈ ನಷ್ಟವನ್ನು ಒಪ್ಪಿಕೊಂಡಿತು. 2022–23ನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಸಾರಿ, ಮೇ 16ರಂದೇ ಶಾಲೆ ಆರಂಭಿಸಿತು. ಎರಡು ವಾರದ ಬೇಸಿಗೆ ರಜೆ ಬಿಟ್ಟುಕೊಟ್ಟು ಎರಡು ವರ್ಷದ ಸಾಲ ತೀರಿಸುವ ಪ್ರಯತ್ನವದು.

ಜೊತೆಗೆ ಬದುಕುವುದೆಂದರೆ

ಒಳ್ಳೆಯ ಸುದ್ದಿಯೆಂದರೆ, ಪಾಠ ಪೂರ್ತಿ ವ್ಯರ್ಥವಾಗಲಿಲ್ಲ. ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಪತ್ತೆಯಾದದ್ದೂ ಕರ್ನಾಟಕದಲ್ಲೇ. ಜನವರಿ 6ರಿಂದ ಬೆಂಗಳೂರಿನಲ್ಲಿ 10ನೆಯ ತರಗತಿಗಿಂತ ಕೆಳಗಿನವರಿಗೆ ಶಾಲೆ ಮುಚ್ಚಿತು. ಆದರೆ ಈ ಬಾರಿ ಇಡೀ ರಾಜ್ಯಕ್ಕೆ ಒಂದೇ ಬೀಗ ಬೀಳಲಿಲ್ಲ. ಜನವರಿ 31ರಂದು ಬೆಂಗಳೂರಿನ ಶಾಲೆಗಳೂ ತೆರೆದವು. ಇಪ್ಪತ್ತು ತಿಂಗಳು ಹಿಡಿದದ್ದು ಇಪ್ಪತ್ತೈದು ದಿನಕ್ಕೆ ಇಳಿಯಿತು.

2025ರ ಮೇ ತಿಂಗಳ ಕೊನೆಯಲ್ಲಿ ಕೋವಿಡ್ ಪ್ರಕರಣಗಳು ಮತ್ತೆ ಕಾಣಿಸಿಕೊಂಡಾಗ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆ ಇನ್ನೂ ಸರಳವಾಗಿತ್ತು: ಜ್ವರ, ಕೆಮ್ಮು, ನೆಗಡಿ ಇರುವ ಮಗುವನ್ನು ಶಾಲೆಗೆ ಕಳುಹಿಸಬೇಡಿ, ಗುಣವಾದ ಮೇಲೆ ಕಳುಹಿಸಿ. ಶಾಲೆ ಮುಚ್ಚುವ ಮಾತೇ ಇಲ್ಲ. ವೈರಾಣುವಿನ ಜೊತೆ ಬದುಕುವುದೆಂದರೆ ಇದೇ. ಅದು ಉಡಾಫೆಯೂ ಅಲ್ಲ, ದಿಗಿಲೂ ಅಲ್ಲ.

ಈ ನೆಲಕ್ಕೆ ಇದು ಹೊಸತೂ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆಮಠ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಆದರೆ ಅಲ್ಲೇ ಉಳಿಯಲಿಲ್ಲ. ಹಾವಳಿ ಇಳಿದ ಮೇಲೆ ಅಗಲವಾದ ರಸ್ತೆ, ಗಾಳಿ ಬೆಳಕಾಡುವ ನಿವೇಶನಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಭಯವನ್ನು ಅವರು ಕಿಟಕಿಯಾಗಿ ಮಾರ್ಪಡಿಸಿದರು.

ಇಂದಿನ ಶಾಲೆಗಳಿಗೂ ಅದೇ ಮಾತು ಸಲ್ಲುತ್ತದೆ. ತರಗತಿಯಲ್ಲಿ ಕಿಟಕಿಗಳಿವೆಯೇ, ಅವು ತೆರೆಯುತ್ತವೆಯೇ? ಕೈತೊಳೆಯಲು ನಲ್ಲಿಯಲ್ಲಿ ನೀರು ಬರುತ್ತದೆಯೇ? ಜ್ವರ ಬಂದ ಮಗು ಮನೆಯಲ್ಲುಳಿದರೆ ಹಾಜರಾತಿಯ ಹೆಸರಿನಲ್ಲಿ ಗದರಿಸುವವರಿದ್ದಾರೆಯೇ? ಪರೀಕ್ಷೆ ಹತ್ತಿರ ಬಂತೆಂದು ಮಾತ್ರೆ ನುಂಗಿಸಿ ಮಗುವನ್ನು ಶಾಲೆಗೆ ಕಳುಹಿಸುವ ತಂದೆತಾಯಿ ಇನ್ನೂ ಇದ್ದಾರೆಯೇ? ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಈ ನಾಲ್ಕು ಪ್ರಶ್ನೆಗಳನ್ನೂ ಕೇಳಬಹುದು.

ಮುಂದೆ ಇಂಥ ಇನ್ನೊಂದು ರೋಗ ಬಂದಾಗ ಅದರ ಸ್ವಭಾವ ಬೇರೆಯೇ ಇರಬಹುದು. ಮಕ್ಕಳನ್ನೇ ಹೆಚ್ಚು ಕಾಡುವ ರೋಗವಾದರೆ ಶಾಲೆಯನ್ನೇ ಮೊದಲು ಮುಚ್ಚಬೇಕಾದೀತು. ಆದರೆ ಯಾವ ಬಾಗಿಲು ಮೊದಲು ತೆರೆಯಬೇಕೆಂಬುದನ್ನು ಕೂಗಿನ ಜೋರು ತೀರ್ಮಾನಿಸಬಾರದು, ರೋಗದ ಲೆಕ್ಕ ತೀರ್ಮಾನಿಸಬೇಕು. ಮತ ಹಾಕಲಾರದ, ಸಂಘ ಕಟ್ಟಲಾರದ, ಮುಷ್ಕರ ಹೂಡಲಾರದ ಆರು ವರ್ಷದ ಮಗುವಿನ ಪರವಾಗಿ ದೊಡ್ಡವರೇ ಆ ಲೆಕ್ಕವನ್ನು ಕೇಳಬೇಕು.