ಕೊನೇ ಮನೆಗೆ ಕರೆಂಟು ಯಾಕೆ ಡಿಮ್ಮು?



ಸಂಜೆ 7 ಗಂಟೆಗೆ ಟಿ.ಸಿ. ಪಕ್ಕದ ಮನೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತದೆ. ಅದೇ ಲೈನಿನ ಕೊನೇ ಮನೆಯಲ್ಲಿ ನಿಧಾನ, ಟ್ಯೂಬ್‌ಲೈಟು ಹತ್ತುವುದೇ ಇಲ್ಲ. ಎಲ್ಲರೂ "ಟಿ.ಸಿ. ಕೆಟ್ಟಿದೆ" ಅಂತಾರೆ. ಆದರೆ ಟಿ.ಸಿ. ಚೆನ್ನಾಗಿದ್ದರೂ ಹೀಗಾಗುತ್ತದೆ. ಹೇಗೆ ಅಂತ ಲೆಕ್ಕ ಹಾಕೋಣ ಬನ್ನಿ.

ತಂತಿಯ ತಡೆ

ತಂತಿಯು ಕರೆಂಟನ್ನು ಸ್ವಲ್ಪ ತಡೆಯುತ್ತದೆ. ಇದಕ್ಕೆ ರೋಧ ಎನ್ನುತ್ತಾರೆ. ಇದನ್ನು ಓಮ್‌ನಲ್ಲಿ ಅಳೆಯುತ್ತಾರೆ. ತಂತಿ ಉದ್ದವಾದರೆ ರೋಧ ಹೆಚ್ಚು, ದಪ್ಪವಾದರೆ ಕಡಿಮೆ. ಈ ತಡೆಯಿಂದ ದಾರಿಯಲ್ಲೇ ಸ್ವಲ್ಪ ವೋಲ್ಟೇಜ್ ಇಳಿಯುತ್ತದೆ.

ವೋಲ್ಟೇಜ್ ಇಳಿತ = ಕರೆಂಟು (ಆಂಪಿಯರ್) × ರೋಧ (ಓಮ್)

ಲೆಕ್ಕ

ಕಂಬದ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರಿದೆ! ಸಣ್ಣ ತಂತಿ 'ಸ್ಕ್ವಿರಲ್', ಅಂದರೆ ಅಳಿಲು. ಅದರ ರೋಧ 1 ಕಿ.ಮೀ.ಗೆ ಸುಮಾರು 1.4 ಓಮ್. ದಪ್ಪ ತಂತಿ 'ರ‍್ಯಾಬಿಟ್', ಅಂದರೆ ಮೊಲ. ಅದರದು ಸುಮಾರು 0.55 ಓಮ್.

ಟಿ.ಸಿ.ಯಿಂದ ಮನೆಗಳಿಗೆ ಅರ್ಧ ಕಿ.ಮೀ. ಅಂದುಕೊಳ್ಳಿ. ಕರೆಂಟು ಫೇಸ್ ತಂತಿಯಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಹಾಗಾಗಿ ಒಟ್ಟು ತಂತಿ 1 ಕಿ.ಮೀ. ಟಿ.ಸಿ. ಹತ್ತಿರ 240 ವೋಲ್ಟ್ ಇದೆ.

ಅಳಿಲು ತಂತಿ, ಮಧ್ಯಾಹ್ನ 10 ಆಂಪಿಯರ್:
10 × 1.4 = 14. ಮನೆಗೆ ಸಿಗುವುದು 226 ವೋಲ್ಟ್.

ಅಳಿಲು ತಂತಿ, ಸಂಜೆ 30 ಆಂಪಿಯರ್:
30 × 1.4 = 42. ಸಿಗುವುದು 198 ವೋಲ್ಟ್!

ಮೊಲ ತಂತಿ, ಸಂಜೆ 30 ಆಂಪಿಯರ್:
30 × 0.55 = 16.5. ಸಿಗುವುದು 223.5 ವೋಲ್ಟ್.

ನೋಡಿದಿರಾ? ಟಿ.ಸಿ. ಅದೇ, ಮನೆಯೂ ಅದೇ. ತಂತಿ ಮಾತ್ರ ಬೇರೆ.

ಟಿ.ಸಿ. ಕೆಲಸವೇನು?

ಟಿ.ಸಿ. ಅಂದರೆ ಟ್ರಾನ್ಸ್‌ಫಾರ್ಮರ್. ಊರಿಗೆ ಬರುವ ಲೈನಿನಲ್ಲಿ 11,000 ವೋಲ್ಟ್ ಇರುತ್ತದೆ. ಅದನ್ನು ಟಿ.ಸಿ. ಮನೆಗೆ ಬೇಕಾದಷ್ಟಕ್ಕೆ ಇಳಿಸುತ್ತದೆ. ಮೊದಲೇ ಇಳಿಸಿ ಕಳಿಸಬಾರದೇ? ಕೂಡದು. 11,000 ವ್ಯಾಟ್ ಕಳಿಸಲು 11,000 ವೋಲ್ಟ್‌ನಲ್ಲಿ 1 ಆಂಪಿಯರ್ ಸಾಕು. 220 ವೋಲ್ಟ್‌ನಲ್ಲಾದರೆ 50 ಆಂಪಿಯರ್ ಬೇಕು. ಕರೆಂಟು 50 ಪಟ್ಟಾದರೆ ಇಳಿತವೂ 50 ಪಟ್ಟು! 1902ರಲ್ಲಿ ಶಿವನಸಮುದ್ರದಿಂದ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದೂ ಹೀಗೆ ವೋಲ್ಟೇಜ್ ಏರಿಸಿಯೇ.

ಮೋಟರು ಸುಡುವುದು ಯಾಕೆ?

ವೋಲ್ಟೇಜ್ ಇಳಿದರೆ ಪಂಪ್‌ಸೆಟ್ ಮೋಟರು ಅಷ್ಟೇ ನೀರೆತ್ತಲು ಹೆಚ್ಚು ಕರೆಂಟು ಎಳೆಯುತ್ತದೆ. ಆಗ ಬಿಸಿಯಾಗಿ ವೈಂಡಿಂಗ್ ಸುಟ್ಟುಹೋಗುತ್ತದೆ. ಹೆಚ್ಚು ಕರೆಂಟು ಎಳೆದರೆ ಲೈನಿನಲ್ಲಿ ಇಳಿತ ಇನ್ನೂ ಜಾಸ್ತಿ. ಪಕ್ಕದ ಹೊಲದವರಿಗೂ ತೊಂದರೆ. ಎಷ್ಟೋ ರೈತರಿಗೆ ಬೆಳೆ ಒಣಗುವ ಹೊತ್ತಿಗೇ ಹೀಗಾಗುತ್ತದೆ.

ಆದ್ದರಿಂದ ದೊಡ್ಡ ಟಿ.ಸಿ. ಕೇಳಿದರಷ್ಟೇ ಸಾಲದು. ಟಿ.ಸಿ. ಮನೆ, ಪಂಪ್‌ಸೆಟ್‌ಗಳ ನಡುವೆ ಇರಬೇಕು. ತಂತಿ ದಪ್ಪ ಇರಬೇಕು. ಮೂರು ಫೇಸಿಗೂ ಮನೆಗಳನ್ನು ಸಮನಾಗಿ ಹಂಚಿರಬೇಕು. ಕರೆಂಟು ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಮೋಟರು ಹಾಕಬಾರದು. ಗ್ರಾಮಸಭೆಯಲ್ಲಿ ದೊಡ್ಡವರು ಇದನ್ನು ಕೇಳಲಿ.

ಎಚ್ಚರಿಕೆ: ಲೆಕ್ಕ ಪುಸ್ತಕದಲ್ಲಿ ಮಾತ್ರ! ಟಿ.ಸಿ., ತಂತಿ ಯಾರೂ ಮುಟ್ಟಬಾರದು.

ನೀವೇ ಮಾಡಿ: ಟಿ.ಸಿ.ಯಿಂದ ಮನೆಗೆ 200 ಮೀಟರ್, ಅಳಿಲು ತಂತಿ, 20 ಆಂಪಿಯರ್. ಇಳಿತ ಎಷ್ಟು? ಉತ್ತರ ಮುಂದಿನ ಸಂಚಿಕೆಯಲ್ಲಿ.

– 7ನೇ ತರಗತಿ