‘ಪಿತ್ತ ಆಗೇದ’ ಅಂತ ಸುಮ್ಮನೆ ಕೂಡಬೇಡಿ
ಜಠರದ ಆಪರೇಷನ್ ಆದವರಿಗೆ ಪಿತ್ತಕೋಶದ ಹರಳಿನ ಅಪಾಯ

ಜತ್ತ: ಎದೆ ಉರಿದರೂ, ಹುಳಿ ತೇಗು ಬಂದರೂ, ಪಕ್ಕೆಲುಬಿನ ಕೆಳಗೆ ನೋವು ಹಿಡಿದರೂ ಜತ್ತ ತಾಲ್ಲೂಕಿನ ಕನ್ನಡ ಮನೆಗಳಲ್ಲಿ ಹೇಳುವ ಮಾತು ಒಂದೇ, ‘ಪಿತ್ತ ಆಗೇದ, ಸೋಡಾ ಕುಡದ್ರ ಇಳೀತದ’. ಮರಾಠಿಯಲ್ಲೂ ಇದಕ್ಕೆ ‘ಪಿತ್ತ’ವೇ. ಆದರೆ ಹಿಂದೆ ಜಠರದ ಶಸ್ತ್ರಚಿಕಿತ್ಸೆ ಆದವರು ಹೀಗೆ ಸುಮ್ಮನಾಗುವಂತಿಲ್ಲ. ನೋವಿನ ಮೂಲ ಪಿತ್ತಕೋಶದ ಹರಳು ಇರಬಹುದು.

ಜಠರದ ಭಾಗ ತೆಗೆಯುವ ಶಸ್ತ್ರಚಿಕಿತ್ಸೆಯನ್ನು 1881ರಲ್ಲಿ ವಿಯೆನ್ನಾದ ಥಿಯೋಡರ್ ಬಿಲ್‌ರೋತ್ ಯಶಸ್ವಿಯಾಗಿ ಮಾಡಿದ್ದರು. ಒಳ್ಳೆಯ ಗುಳಿಗೆಗಳು ಬಂದ ಮೇಲೆ ಅಲ್ಸರ್ ಆಪರೇಷನ್ ಕಡಿಮೆಯಾದವು. ಈಗ ಹೆಚ್ಚಾಗಿ ಕ್ಯಾನ್ಸರ್ ಹಾಗೂ ಬೊಜ್ಜಿಗಾಗಿ ಜಠರದ ಶಸ್ತ್ರಚಿಕಿತ್ಸೆ ನಡೆಯುತ್ತದೆ.

ಹರಳು ಯಾಕೆ?

ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಸುಮಾರು 30ರಿಂದ 50 ಮಿ.ಲೀ. ಹಿಡಿಸುವ ಪಿತ್ತಕೋಶ ಅದನ್ನು ಕೂಡಿಡುತ್ತದೆ. ಎಣ್ಣೆ-ತುಪ್ಪದ ಊಟ ಸಣ್ಣ ಕರುಳಿಗೆ ಇಳಿದಾಗ ಅಲ್ಲಿನ ಹಾರ್ಮೋನ್ ಸೂಚನೆ ಕೊಡುತ್ತದೆ. ಆಗ ಕೋಶ ಹಿಂಡಿಕೊಂಡು ರಸ ಬಿಡುತ್ತದೆ.

ಜಠರದ ಆಪರೇಷನ್ನಿನಲ್ಲಿ ಪಿತ್ತಕೋಶಕ್ಕೆ ಹೋಗುವ ವೇಗಸ್ ನರದ ಎಳೆಗಳು ಕತ್ತರಿಸಿ ಹೋದರೆ ಕೋಶ ಸಡಿಲಾಗುತ್ತದೆ. ಕರುಳಿನ ಮೊದಲ ಭಾಗ ಬಿಟ್ಟು ಮುಂದೆ ಜೋಡಿಸಿದ್ದರೆ ಹಾರ್ಮೋನ್ ಸೂಚನೆಯೂ ಏರುಪೇರಾಗುತ್ತದೆ. ರಸ ನಿಂತಲ್ಲೇ ನಿಂತು ಹರಳುಗಟ್ಟುತ್ತದೆ. ತೂಕ ಬೇಗ ಇಳಿದರೆ ಅಪಾಯ ಇನ್ನೂ ಹೆಚ್ಚು. ಅದಕ್ಕೇ ಬೊಜ್ಜಿನ ಆಪರೇಷನ್ ಆದ ಹಲವರಿಗೆ ಮೊದಲ ಕೆಲವು ತಿಂಗಳು ಹರಳು ತಡೆಯುವ ಗುಳಿಗೆ ಕೊಡುತ್ತಾರೆ. ಅದನ್ನು ತಾವಾಗಿಯೇ ನಿಲ್ಲಿಸಬಾರದು.

ಯಾವಾಗ ಆಸ್ಪತ್ರೆಗೆ?

ಎಲ್ಲರಿಗೂ ಹರಳಾಗುವುದಿಲ್ಲ. ಹರಳಿದ್ದರೂ ಅನೇಕರಿಗೆ ತ್ರಾಸು ಇರುವುದಿಲ್ಲ. ಅಂಥವರಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ. ಆದರೆ ಊಟದ ನಂತರ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಹಿಡಿದು ಬೆನ್ನು, ಭುಜದವರೆಗೆ ಹೋದರೆ ಡಾಕ್ಟರಿಗೆ ತೋರಿಸಿ ಸೋನೋಗ್ರಫಿ ಮಾಡಿಸಬೇಕು. ಚಳಿಜ್ವರ ಬಂದು ಕಣ್ಣು ಹಳದಿಯಾದರೆ ಹರಳು ನಾಳಕ್ಕೆ ಅಡ್ಡ ಬಂದಿರಬಹುದು. ‘ಕಾಮಣಿ’ ಎಂದು ನಾಟಿ ಔಷಧಕ್ಕೆ ಅಲೆಯದೆ ಅಂದೇ ಆಸ್ಪತ್ರೆ ಸೇರಬೇಕು.

ಕರುಳಿನ ದಾರಿ ಬದಲಿಸಿದವರಿಗೆ ಬಾಯಿಯಿಂದ ದುರ್ಬೀನು ಇಳಿಸಿ ನಾಳದ ಹರಳು ತೆಗೆಯುವುದು ಕಠಿಣ. ಹಾಗಾಗಿ ಹಿಂದೆ ಏನು ಕತ್ತರಿಸಿದ್ದಾರೆ, ಎಲ್ಲಿ ಜೋಡಿಸಿದ್ದಾರೆ ಎಂಬುದು ಡಾಕ್ಟರಿಗೆ ಮೊದಲೇ ಗೊತ್ತಾಗಬೇಕು. ಜತ್ತದ ಜನ ಒಮ್ಮೆ ಸಾಂಗಲಿ-ಮಿರಜಕ್ಕೆ, ಒಮ್ಮೆ ಗಡಿ ದಾಟಿ ವಿಜಯಪುರಕ್ಕೆ ಹೋಗುವವರು. ಅಲ್ಲಿ ಆದದ್ದನ್ನು ಇಲ್ಲಿನವರಿಗೆ ತಿಳಿಸುವುದು ಹಳೆಯ ಡಿಸ್ಚಾರ್ಜ್ ಕಾರ್ಡ್. ಎಷ್ಟೇ ವರ್ಷವಾಗಿರಲಿ, ಅದನ್ನು ರೇಷನ್ ಕಾರ್ಡಿನ ಹಾಗೆ ಜೋಪಾನ ಮಾಡುವುದು ಒಳ್ಳೆಯದು.